ಬಸವನಗುಡಿಗೆ ಬಡಿಸಿದವರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ತಿಂಡಿಯ ವಿಷಯಕ್ಕೆ ಬಸವನಗುಡಿಯವರಷ್ಟು ಜಂಬ ಪಡುವವರು ಇನ್ನಾರೂ ಇಲ್ಲ. ಮಲ್ಲೇಶ್ವರದವರು ಈ ಮಾತಿಗೆ ಜಗಳ ತೆಗೆಯಬಹುದು, ತೆಗೆಯಲಿ. ಆದರೆ ಆ ಜಂಬದ ಒಳಗೊಂದು ತಮಾಷೆಯಿದೆ. ಬಸವನಗುಡಿಯ ರುಚಿ ಎಂದು ನಾವು ಎದೆ ತಟ್ಟಿ ಹೇಳುವ ತಿಂಡಿಗಳಲ್ಲಿ ಬಹುಪಾಲು ಬಸವನಗುಡಿಯವೇ ಅಲ್ಲ. ದೋಸೆ ಹುಯ್ದವರು ಸಾಲಿಗ್ರಾಮದಿಂದ ಬಂದರು, ಬನ್ನು ಬೇಯಿಸಿದ ಅಯ್ಯಂಗಾರರು ಹಾಸನದ ಕಡೆಯವರು, ಅವರೆಕಾಯಿ ಬರುವುದು ಮಾಗಡಿಯಿಂದ, ಜೋಳದ ರೊಟ್ಟಿ ಬಂದದ್ದು ಉತ್ತರ ಕರ್ನಾಟಕದಿಂದ. ತಿನ್ನುವುದು ಮಾತ್ರ ಬಸವನಗುಡಿಯವರ ಪಾಲಿಗೆ ಬಂತು. ಆ ಕೆಲಸವನ್ನು ಅವರು ಚೆನ್ನಾಗಿಯೇ ಮಾಡಿದ್ದಾರೆ.

ಹೋಟೆಲುಗಳು ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಬೀದಿಯಲ್ಲಿ ನಿಂತು ತಿನ್ನುವ ರೂಢಿಯಿತ್ತು. ಆಗ ಇದು ಸುಂಕೇನಹಳ್ಳಿ. ಬಂಡೆಯ ಮೇಲೆ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ಬಸವನ ಗುಡಿ, ಸುತ್ತ ಕಡಲೆಕಾಯಿ ಹೊಲ. ರಾತ್ರಿ ಹೊತ್ತು ಯಾವುದೋ ಬಸವ ಬಂದು ಪೈರು ಮೇಯುತ್ತಿತ್ತಂತೆ. ಬೆನ್ನಟ್ಟಿ ಹೋದ ರೈತರಿಗೆ ಗುಡ್ಡದ ಮೇಲೆ ಕಲ್ಲಾಗಿ ಕೂತ ಬಸವ ಸಿಕ್ಕಿತಂತೆ. ಮೊದಲ ಬೆಳೆಯನ್ನು ನಿನಗೇ ಒಪ್ಪಿಸುತ್ತೇವೆ ಎಂದು ಅವರು ಹರಕೆ ಹೊತ್ತರು. ಕಾರ್ತಿಕ ಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಗೆ ಇದು ಹಿನ್ನೆಲೆ. ಈಗ ಸುಂಕೇನಹಳ್ಳಿಯಲ್ಲೂ ಇಲ್ಲ, ಗುಟ್ಟಹಳ್ಳಿ ಮಾವಳ್ಳಿಗಳಲ್ಲೂ ಇಲ್ಲ ಕಡಲೆಕಾಯಿ ಹೊಲ. ಕಾಯಿ ಕೋಲಾರ, ಚಿಂತಾಮಣಿ ಕಡೆಯಿಂದಲೂ ತಮಿಳುನಾಡಿನಿಂದಲೂ ಬರುತ್ತದೆ. ಆದರೂ ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗೆ ಹಸಿ, ಹುರಿದ, ಬೇಯಿಸಿದ ಕಾಯಿ ಗುಡ್ಡೆ ಬೀಳುತ್ತದೆ, ಸೇರುಗಟ್ಟಲೆ ಅಳೆದುಕೊಂಡು ಜನ ಸಿಪ್ಪೆ ಉದುರಿಸುತ್ತಾ ನಡೆಯುತ್ತಾರೆ. ಬೆಳೆದವರ ಪರಿಷೆಯಾಗಿ ಹುಟ್ಟಿದ್ದು ತಿನ್ನುವವರ ಪರಿಷೆಯಾಗಿ ಉಳಿದುಕೊಂಡಿದೆ.

ಬಡಾವಣೆಯಾಗಿ ಬಸವನಗುಡಿ ಬೆಳೆದದ್ದು ಪ್ಲೇಗಿನ ದೆಸೆಯಿಂದ. ನಕ್ಷೆ ಮೊದಲೇ ಸಿದ್ಧವಿತ್ತು. 1898ರಲ್ಲಿ ಪೇಟೆಯ ಇಕ್ಕಟ್ಟಿನ ಗಲ್ಲಿಗಳಿಗೆ ಮಾರಿ ಹೊಕ್ಕಾಗ ಅವಸರ ಬಂತು. ಅಗಲವಾದ ರಸ್ತೆ, ಗಾಳಿ ಬೆಳಕಿನ ಮನೆ, ಹಿತ್ತಿಲಿಗೆ ಹೊಂದಿಕೊಂಡ ಸಣ್ಣ ಓಣಿ. ನೆಲೆಸಿದವರಲ್ಲಿ ಸರಕಾರಿ ನೌಕರರು, ವಕೀಲರು, ಮೇಷ್ಟರು ಹೆಚ್ಚು. ಮಡಿಯ ಮನೆಗಳು. ಹೋಟೆಲಿಗೆ ಹೋಗುವುದೆಂದರೆ ಹುಡುಗ ಕೆಟ್ಟನೆಂದೇ ಲೆಕ್ಕ. ಯಾರು ಬೇಯಿಸಿದರೋ, ಯಾವ ನೀರೋ, ಪಕ್ಕದಲ್ಲಿ ಯಾರು ಕೂತಿದ್ದರೋ ಎಂಬ ಅನುಮಾನ. ಹೆಂಗಸರು ಹೋಟೆಲಿನ ಮೆಟ್ಟಿಲು ಹತ್ತುವ ಮಾತಂತೂ ದೂರ.

ಈ ಅನುಮಾನಕ್ಕೆ ಉತ್ತರವಾಗಿ ಬಂದವರು ಕರಾವಳಿಯ ಅಡುಗೆಯವರು. ಉಡುಪಿಗೆ ಬಡಗಲಲ್ಲಿರುವ ಕೋಟ, ಸಾಲಿಗ್ರಾಮ, ಪಾರಂಪಳ್ಳಿಗಳ ಮಯ್ಯ, ಉರಾಳ, ಅಡಿಗ, ಹೊಳ್ಳ, ಐತಾಳ ಮನೆತನದವರು. ತುಂಡು ಗದ್ದೆ, ತುಂಬಿದ ಮನೆ, ಆರು ತಿಂಗಳ ಮಳೆ. ಕೈಯಲ್ಲಿದ್ದದ್ದು ಅಡುಗೆ ವಿದ್ಯೆಯೊಂದೇ. ಮಾಣಿಯಾಗಿ ಘಟ್ಟ ಹತ್ತಿದವನು ಲೋಟ ತೊಳೆದು, ಹಿಟ್ಟು ರುಬ್ಬಿ, ಒಲೆಯ ಮುಂದೆ ನಿಂತು, ಕಡೆಗೆ ಗಲ್ಲಾದ ಹಿಂದೆ ಕೂರುವ ದಾರಿ ಅದು. ಎಲ್ಲರೂ ಗಲ್ಲಾ ಮುಟ್ಟಲಿಲ್ಲ ಎನ್ನುವುದನ್ನೂ ಹೇಳಬೇಕು. ಹೋಟೆಲುಗಳ ಚರಿತ್ರೆ ಬರೆಯುವವರಿಗೆ ಗೆದ್ದವರ ಹೆಸರು ಸಿಗುತ್ತದೆ. ಅಟ್ಟದ ಮೇಲೆ ಚಾಪೆ ಹಾಸಿಕೊಂಡು ಮಲಗಿ, ಊರಿಗೆ ಮನಿಯಾರ್ಡರ್ ಕಳಿಸುತ್ತಲೇ ಮುದುಕರಾದವರ ಹೆಸರು ಸಿಗುವುದಿಲ್ಲ.

ಮಯ್ಯ ಸಹೋದರರು ಮೊದಲು ಬೆಂಗಳೂರಿನ ಅನುಕೂಲಸ್ಥರ ಮನೆಗಳಲ್ಲಿ ಅಡುಗೆಗಿದ್ದವರು. 1924ರಲ್ಲಿ ಲಾಲ್‌ಬಾಗಿನ ಹತ್ತಿರ ‘ಬ್ರಾಹ್ಮಣರ ಕಾಫಿ ಕ್ಲಬ್’ ತೆರೆದರು. ಇಂದು ಎಂ.ಟಿ.ಆರ್. ಎಂದು ಎಲ್ಲರೂ ಕರೆಯುವ ಮಾವಳ್ಳಿ ಟಿಫಿನ್ ರೂಮ್ಸ್‌ನ ಮೂಲ ಅದು. ಹೆಸರು ಬದಲಾದದ್ದು 1960ರಲ್ಲಿ, ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದಾಗ. ಹಳೆಯ ಹೆಸರಿನಲ್ಲಿ ಆ ಕಾಲ ಪೂರ್ತಿ ಇದೆ. ಅಡುಗೆಯವನ ಜಾತಿಯನ್ನು ಬೋರ್ಡಿನಲ್ಲೇ ಬರೆದು ಗಿರಾಕಿಯ ಅಂಜಿಕೆ ಕಳೆಯುವ ಉಪಾಯ. ಆಗಿನ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗೆ ಬೇರೆ ಪಂಕ್ತಿ, ಉಳಿದವರಿಗೆ ಹೊರಗೆ. ಇನ್ನು ಕೆಲವರಿಗೆ ಒಳಗೂ ಇಲ್ಲ, ಹೊರಗೂ ಇಲ್ಲ. ಬಸವನಗುಡಿಯ ತಿಂಡಿಯನ್ನು ಹೊಗಳುವ ಬರಹಗಳು ಈ ಸಂಗತಿಯನ್ನು ಚಟ್ನಿಯಡಿ ಮುಚ್ಚಿಬಿಡುತ್ತವೆ. ಮುಚ್ಚಬಾರದು. ಯಾರೆಲ್ಲ ಒಟ್ಟಿಗೆ ಕೂತು ತಿನ್ನಬಹುದು ಎನ್ನುವುದು ಬದಲಾಗುತ್ತಾ ಬಂದ ಕತೆಯೂ ಈ ಊರಿನದೇ.

ಎಂ.ಟಿ.ಆರ್. ಬಗ್ಗೆ ಇನ್ನೆರಡು ಮಾತು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನಿಗಳ ಕೈಗೆ ಹೋಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಇಡ್ಲಿಗೆ ಅಕ್ಕಿಯಿಲ್ಲ. ರವೆ ಹುರಿದು, ಮೊಸರು ಸೇರಿಸಿ, ಸಾಸಿವೆ ಗೋಡಂಬಿ ಒಗ್ಗರಣೆ ಕೊಟ್ಟು ಇಡ್ಲಿ ತಟ್ಟೆಗೆ ಹಾಕಿದ್ದು ತಾವೇ ಮೊದಲು ಎಂದು ಆ ಮನೆಯವರು ಹೇಳಿಕೊಂಡು ಬಂದಿದ್ದಾರೆ. ಇಂದು ದೇಶದುದ್ದಕ್ಕೂ ಸಿಗುವ ರವೆ ಇಡ್ಲಿಯ ಹಿಂದೆ ಒಂದು ಯುದ್ಧವಿದೆ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪು ಸುತ್ತಿ ಬಂದರು. ಅಲ್ಲಿನ ಹೋಟೆಲುಗಳ ಅಚ್ಚುಕಟ್ಟು ಕಂಡವರು ಇಲ್ಲಿ ಪಾತ್ರೆ, ಲೋಟಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಪದ್ಧತಿ ತಂದರು. ಗಿರಾಕಿಗಳು ಅಡುಗೆಮನೆ ಹೊಕ್ಕು ನೋಡಬಹುದೆಂದರು. ಜಾತಿಯ ಬೋರ್ಡು ಕೊಡುತ್ತಿದ್ದ ಭರವಸೆಯನ್ನು ಈಗ ತೊಳೆದ ಪಾತ್ರೆ ಕೊಡತೊಡಗಿತು. ಯುರೋಪಿನಿಂದ ತಂದ ಸಾಮಾನುಗಳಲ್ಲಿ ನನಗೆ ಅತಿ ಬೆಲೆಯದಾಗಿ ಕಾಣುವುದು ಇದೇ.

ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗೆ ಸರಕಾರ ದರ ಕಟ್ಟಿತು. ಆ ದರಕ್ಕೆ ತುಪ್ಪ ಕಡಿಮೆ ಮಾಡಿ ಬಡಿಸುವುದು ಸುಲಭದ ದಾರಿ. ಎಂ.ಟಿ.ಆರ್. ಅದನ್ನು ಹಿಡಿಯಲಿಲ್ಲ, ಬಾಗಿಲು ಹಾಕಿತು. ಕೆಲಸಗಾರರಿಗೆ ಕೆಲಸ ಬೇಕಿತ್ತು. ರವೆ ಇಡ್ಲಿಯ ಮಿಶ್ರಣ, ಸಾರಿನ ಪುಡಿ ಪೊಟ್ಟಣ ಕಟ್ಟುವ ಉದ್ಯಮ ಅಲ್ಲಿಂದ ಬೆಳೆಯಿತು. ಆ ಪೊಟ್ಟಣದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಹೋಟೆಲು ಮಾತ್ರ ಮನೆಯವರ ಕೈಯಲ್ಲೇ ಉಳಿಯಿತು. ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಭಾನುವಾರ ಬೆಳಿಗ್ಗೆ ಕತ್ತರಿಸುವ ಪೊಟ್ಟಣದ ಊರು ಯಾವುದೆಂದರೆ ಮಾವಳ್ಳಿ.

ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಗಾಂಧಿ ಬಜಾರಿಗೆ ನಡೆದೇ ಹೋಗಬಹುದು. ಹೂವಿನ ಸಾಲು, ಬಾಳೆಎಲೆ, ಮಾವಿನ ಸೊಪ್ಪು, ಗ್ರಂದಿಗೆ ಅಂಗಡಿ. ಹಪ್ಪಳ ಸಂಡಿಗೆ, ಹುರಿಗಾಳಿಗೆ ಸುಬ್ಬಮ್ಮನಂಗಡಿ. ಇವುಗಳ ನಡುವೆ ವಿದ್ಯಾರ್ಥಿ ಭವನ. 1943ರಲ್ಲಿ ಸಾಲಿಗ್ರಾಮದ ವೆಂಕಟರಮಣ ಉರಾಳರು ತಮ್ಮಂದಿರ ಜೊತೆ ತೆರೆದದ್ದು. ನ್ಯಾಷನಲ್ ಹೈಸ್ಕೂಲು, ಆಚಾರ್ಯ ಪಾಠಶಾಲೆಯ ಹುಡುಗರೇ ಗಿರಾಕಿಗಳಾಗಿದ್ದರಿಂದ ಆ ಹೆಸರು. 1970ರಲ್ಲಿ ರಾಮಕೃಷ್ಣ ಅಡಿಗರು ಕೊಂಡರು. ಅವರೂ ಅದೇ ಕರಾವಳಿಯವರು. ಒಡೆತನ ಬದಲಾದರೂ ದೋಸೆ ಕೆಡಲಿಲ್ಲ. ಹೋಟೆಲ್ ಲೋಕದಲ್ಲಿ ಇದು ಅಪರೂಪ.

ಆ ದೋಸೆಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬೆಂಗಳೂರಿನಲ್ಲಿ ಈಗ ಮಸಾಲೆ ದೋಸೆ ಎಂದರೆ ಕಾಗದದಂತೆ ತೆಳ್ಳಗೆ, ಮೇಜಿನಂಚು ದಾಟುವಷ್ಟು ಉದ್ದ ಎಂದಾಗಿಬಿಟ್ಟಿದೆ. ವಿದ್ಯಾರ್ಥಿ ಭವನದ್ದು ಗಿಡ್ಡ, ದಪ್ಪ. ಹೊರಮೈ ಕಂದು ಕೆಂಪಾಗಿ ಗರಿಗರಿ, ಒಳಗೆ ಮೆತ್ತಗೆ, ಮೇಲೆ ಜಿಡ್ಡು ಧಾರಾಳ. ಪಲ್ಯ ಹದವಾಗಿ, ಚಟ್ನಿ ನೀರಾಗಿ. ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಮೊಣಕೈ ದಾಟಿ ಭುಜದವರೆಗೆ ಜೋಡಿಸಿಕೊಂಡು ಪಂಚೆ ಉಟ್ಟ ಬಡಿಸುವವರು ಕುರ್ಚಿಗಳ ಸಂದಿಯಲ್ಲಿ ಜಾರಿಕೊಂಡು ಬರುವುದನ್ನು ನೋಡಲೆಂದೇ ಬರುವವರಿದ್ದಾರೆ. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳು. ಅಲಂಕಾರಕ್ಕೆ ತೂಗುಹಾಕಿದ್ದಲ್ಲ ಅವು. ಡಿ.ವಿ.ಜಿ. ಇದ್ದದ್ದು ಹತ್ತಿರದ ನಾಗಸಂದ್ರ ರಸ್ತೆಯಲ್ಲಿ, ಈಗ ಅದಕ್ಕೆ ಅವರದೇ ಹೆಸರು. ಮಾಸ್ತಿಯವರ ಮನೆ ಗವೀಪುರದಲ್ಲಿ. ಬಸವನಗುಡಿ ಕ್ಲಬ್ಬಿಗೆ ಅವರು ನಡೆದೇ ಬರುತ್ತಿದ್ದರು. 1960ರಲ್ಲಿ ಬಂದ ನಿಸಾರ್ ಅಹಮದರ ಮೊದಲ ಕವನ ಸಂಕಲನದ ಹೆಸರೇ ‘ಮನಸು ಗಾಂಧಿ ಬಜಾರು’. ಒಂದು ಮಾರುಕಟ್ಟೆ ಬೀದಿ ಪುಸ್ತಕದ ಹೆಸರಿನೊಳಕ್ಕೆ ಬರಬೇಕಾದರೆ ಅಲ್ಲಿ ಹೂವು ತರಕಾರಿಯ ಜೊತೆ ಮಾತಿನ ವ್ಯಾಪಾರವೂ ಜೋರಾಗಿ ನಡೆದಿರಬೇಕು. ಕಾಫಿಯನ್ನು ಬೈ ಟು ಮಾಡಿಕೊಂಡು ಗಂಟೆಗಟ್ಟಲೆ ಕೂರಲು ಬಿಟ್ಟ ಹೋಟೆಲಿನವರಿಗೆ ಕನ್ನಡ ಸಾಹಿತ್ಯ ಸ್ವಲ್ಪ ಸಾಲ ಉಳಿಸಿಕೊಂಡಿದೆ ಎಂದೇ ನನ್ನ ಲೆಕ್ಕ. ಈಗ ಹಾಗೆ ಕೂರುವ ಆಸೆ ಇಟ್ಟುಕೊಳ್ಳಬೇಡಿ. ನೀವು ಕಾಫಿ ಮುಗಿಸುವ ಮೊದಲೇ ನಿಮ್ಮ ಕುರ್ಚಿಯ ಬೆನ್ನು ಹಿಡಿದು ಮುಂದಿನವರು ನಿಂತಿರುತ್ತಾರೆ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಶುರುವಾದದ್ದು 1965ರಲ್ಲಿ. ಕುರ್ಚಿಯೂ ಇಲ್ಲ, ಸಾಂಬಾರೂ ಇಲ್ಲ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ ಟೀ. ಪಟ್ಟಿ ಅಲ್ಲಿಗೆ ಮುಗಿಯಿತು. ಇಡ್ಲಿಯ ಮೇಲೆ ಚಟ್ನಿ ಹುಯ್ದು ಕೊಡುತ್ತಾರೆ, ಮುಗಿದರೆ ತಟ್ಟೆ ಹಿಡಿದು ಹೋದರಾಯಿತು, ಮತ್ತೆ ಹುಯ್ಯುತ್ತಾರೆ. ಬಹಳ ಮಂದಿ ಅಲ್ಲಿಗೆ ಹೋಗುವುದೇ ಆ ಚಟ್ನಿಗೆ. ಇಡ್ಲಿ ಅದನ್ನು ಬಾಯಿಗೆ ಸಾಗಿಸುವ ಸಾಧನ. ಹೆಸರಿನಲ್ಲಿ ಹಳೆಯ ಮಡಿಯ ವಾಸನೆಯಿದೆ, ಫುಟ್‌ಪಾತಿನ ಮೇಲೆ ಅದರ ಸುಳಿವಿಲ್ಲ. ಆಟೋ ಚಾಲಕ, ಬ್ಯಾಂಕಿನ ಮ್ಯಾನೇಜರು, ಲಾಲ್‌ಬಾಗಿನಲ್ಲಿ ವಾಕಿಂಗ್ ಮುಗಿಸಿ ಬಂದ ನಿವೃತ್ತರು, ಕಾಲೇಜು ಹುಡುಗಿಯರು, ಎಲ್ಲರೂ ಕಲ್ಲುಕಟ್ಟೆಗೋ ನಿಲ್ಲಿಸಿದ ಸ್ಕೂಟರಿಗೋ ಒರಗಿ ತಿನ್ನುತ್ತಾರೆ. ಪಂಕ್ತಿಭೇದ ಮಾಡಬೇಕಾದರೆ ಪಂಕ್ತಿಯಾದರೂ ಇರಬೇಕಲ್ಲ!

ನಿಂತು ತಿನ್ನುವ ಈ ಕ್ರಮವೇ 1980ರ ದಶಕದಲ್ಲಿ ದರ್ಶಿನಿಗಳಾಗಿ ಬೆಂಗಳೂರನ್ನೆಲ್ಲ ಆವರಿಸಿತು. ಮೊದಲ ದರ್ಶಿನಿ ಕಣ್ಣುಬಿಟ್ಟದ್ದು ಪಕ್ಕದ ಜಯನಗರದಲ್ಲಿ, 1983ರಲ್ಲಿ. ಅದರ ರೂಪ ಕೊಟ್ಟವರು ಆರ್. ಪ್ರಭಾಕರ್. ಮೊದಲೇ ಹಣ ಕೊಟ್ಟು ಚೀಟಿ, ಚೀಟಿ ತೋರಿಸಿ ತಟ್ಟೆ, ಎದೆಯೆತ್ತರದ ಮೇಜು, ಕಣ್ಣೆದುರೇ ಅಡುಗೆ. ಕಡಿಮೆ ಜಾಗ, ಕಡಿಮೆ ಆಳು, ಕಡಿಮೆ ಬೆಲೆ. ಮಧ್ಯಮ ವರ್ಗದ ಹೆಂಗಸರು ಯಾರನ್ನೂ ಕಾಯದೆ, ಫ್ಯಾಮಿಲಿ ರೂಮಿನ ಪರದೆ ಹುಡುಕದೆ, ಒಬ್ಬರೇ ಹೋಗಿ ಕಾಫಿ ಕುಡಿದು ಬರುವುದು ಸಲೀಸಾದದ್ದು ಈ ದರ್ಶಿನಿಗಳಿಂದ. ಇದನ್ನು ಯಾರೂ ಕ್ರಾಂತಿಯೆಂದು ಕರೆಯಲಿಲ್ಲ.

ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ಬಳಿಯ ತಿಂಡಿಬೀದಿಯದು ಬೇರೆಯೇ ಗಲಾಟೆ. ಅಲ್ಲಿ ಹಿರಿಯ ಅಂಗಡಿಯೆಂದರೆ 1953ರ ವಿ.ಬಿ. ಬೇಕರಿ. ಅಯ್ಯಂಗಾರರು ಬ್ರೆಡ್ಡಿಗೆ ಮೊಟ್ಟೆ ಮುಟ್ಟಿಸದೆ, ಮಡಿವಂತರೂ ಕೊಳ್ಳುವ ಹಾಗೆ ಬೇಕರಿಯನ್ನು ಪಳಗಿಸಿದರು. ಬೆಣ್ಣೆ ಬಿಸ್ಕತ್ತು, ಖಾರದ ಬನ್ನು, ದಿಲ್‌ಪಸಂದು, ಬೆಣ್ಣೆ ಸವರಿದ ಬನ್ನಿನೊಳಗೆ ಖಾರದ ಕಡಲೆಬೀಜ ತುಂಬಿದ ಕಾಂಗ್ರೆಸ್ ಬನ್ನು. ಸಂಜೆಯಾದರೆ ಬೀದಿಯ ಉದ್ದಕ್ಕೂ ಹೆಂಚು ಕಾಯುತ್ತವೆ. ಹೋಳಿಗೆ ತಟ್ಟುತ್ತಾರೆ, ಪಡ್ಡು ತಿರುವುತ್ತಾರೆ, ಗುಲ್ಕನ್ ಮೇಲೆ ಐಸ್‌ಕ್ರೀಮ್ ಹಾಕುತ್ತಾರೆ. ಚಳಿಗಾಲಕ್ಕೆ ಅವರೆಕಾಯಿ ಮೇಳ. ಸೊಗಡಿನವರೆಯ ಹಿತಕಿದಬೇಳೆ ಸಾರು, ಅಕ್ಕಿರೊಟ್ಟಿ, ದೋಸೆ ಸರಿ. ಅವರೆಕಾಳಿನ ಜಿಲೇಬಿ, ಐಸ್‌ಕ್ರೀಮುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ, ತಿಂದವರೇ ಹೇಳಲಿ. ಜನ ಹೆಚ್ಚಿ ಬೀದಿ ಸಾಲದೆ ಈಚಿನ ವರ್ಷಗಳಲ್ಲಿ ಮೇಳ ನ್ಯಾಷನಲ್ ಕಾಲೇಜು ಮೈದಾನಕ್ಕೆ ಸಾಗಿತು.

ಈ ಬೀದಿಗಳ ಮನೆಗಳಲ್ಲಿರುವವರ ಕಷ್ಟವನ್ನೂ ಕೇಳಬೇಕು. ಗೇಟಿನ ಮುಂದೆ ಯಾರದೋ ಕಾರು, ಕಾಂಪೌಂಡಿನೊಳಗೆ ಕಾಗದದ ತಟ್ಟೆ, ರಾತ್ರಿಯವರೆಗೂ ಹೊಗೆ. 2017ರಲ್ಲಿ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣ ತೆರೆದ ಮೇಲೆ ಊರಿನ ಆ ತುದಿಯವರಿಗೂ ಬಸವನಗುಡಿ ಹತ್ತಿರವಾಯಿತು. ತಿಂಡಿಬೀದಿಯನ್ನೂ ಗಾಂಧಿ ಬಜಾರನ್ನೂ ಅಗೆದು ಹೊಸದು ಮಾಡುವಾಗ ವ್ಯಾಪಾರಿಗಳು ತಿಂಗಳುಗಟ್ಟಲೆ ಧೂಳು ಕುಡಿದರು. ಹಳೆಯ ಮನೆಗಳು ಒಡೆದು ಮಹಡಿಗಳೇಳುತ್ತಿವೆ. ನೆಲಮಹಡಿಯಲ್ಲಿ ಮೊಮೊ, ಪಾನಿಪುರಿ, ದಾವಣಗೆರೆ ಬೆಣ್ಣೆದೋಸೆ ಬಂದಿವೆ. ಬಸವನಗುಡಿ ಕೆಟ್ಟಿತು ಎಂದು ಹಳಬರು ಕೊರಗುತ್ತಾರೆ. ಮಯ್ಯರೂ ಉರಾಳರೂ ಬಂದಾಗಲೂ ಇಲ್ಲಿನ ಹಳಬರು ಇದನ್ನೇ ಹೇಳಿದ್ದರೇನೋ. ಬ್ಯೂಗಲ್ ರಾಕ್ ಬಳಿಯ ಕಾಮತರಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದು ಸಂತೋಷಪಡುವವರು ಅದು ಹುಬ್ಬಳ್ಳಿ ಕಡೆಯ ಊಟವೆಂಬುದನ್ನು ಮರೆತೇ ಬಿಟ್ಟಿದ್ದಾರೆ. ಮೊಮೊ ಮಾಡುವ ಹುಡುಗನೂ ಯಾವುದೋ ಗುಡ್ಡದ ಊರಿನಿಂದ, ತುಂಬಿದ ಮನೆಯಿಂದಲೇ ಹೊರಟುಬಂದಿರುತ್ತಾನೆ. ಅವನ ಮೊಮೊ ನನಗೆ ಹಿಡಿಸುವುದಿಲ್ಲ. ಅದು ಬೇರೆ ಮಾತು.

ನೋಡಲು ಬರುವವರಿಗೆ ಕಿವಿಮಾತು: ಶನಿವಾರ, ಭಾನುವಾರ ಬೇಡ. ವಾರದ ನಡುವೆ, ಬೆಳಿಗ್ಗೆ ಏಳರ ಸುಮಾರಿಗೆ, ಕಾರು ಮನೆಯಲ್ಲೇ ಬಿಟ್ಟು ಮೆಟ್ರೊ ಇಳಿದು ನಡೆಯಿರಿ. ಶಂಕರಪುರದಲ್ಲಿ ಸಾಂಬಾರು ಕೇಳಬೇಡಿ. ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜ.