ಕಡಲೆದುರು ಕೂಗಿದರೆ ಆಡಿಷನ್‌ಗೆ ದನಿ ಗಟ್ಟಿಯಾಗುತ್ತದೆಯೇ?

ನಟನೆಯ ಆಡಿಷನ್‌ಗೆ ಒಂದು ಸ್ವಗತ ಸಿದ್ಧಮಾಡಿಕೊಳ್ಳಬೇಕು. ಅಭ್ಯಾಸಕ್ಕೆ ಜಾಗ ಬೇಕೆಂದರೆ ಕುಂದಾಪುರದ ಕೋಡಿಯಲ್ಲಿ ಕಡಲತೀರವೇ ಇದೆ. ಅಲೆಗಳ ಸದ್ದನ್ನು ಮೀರಿಸಿ ಕೂಗಿದರೆ ದನಿ ಗಟ್ಟಿಯಾಗುತ್ತದೆ ಎಂಬ ನಂಬಿಕೆಯೂ ಹಳೆಯದು. ಗ್ರೀಸಿನ ವಾಗ್ಮಿ ಡೆಮಾಸ್ತನೀಸ್ ಹಾಗೆಯೇ ಅಭ್ಯಾಸ ಮಾಡುತ್ತಿದ್ದನೆಂಬ ಕತೆಯಿದೆ. ಇದು ಎಷ್ಟು ನಿಜ? ನೋಡೋಣ.

ಕೂಗಿದಾಗ ಗಂಟಲಲ್ಲಿ ಏನಾಗುತ್ತದೆ?

ನಾವು ಮಾತಾಡುವಾಗ ಗಂಟಲಿನ ಧ್ವನಿತಂತುಗಳು ಒಂದಕ್ಕೊಂದು ತಾಗುತ್ತಾ ಕಂಪಿಸುತ್ತವೆ. ಗಂಡಸರಲ್ಲಿ ಇದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ. ಸುತ್ತ ಸದ್ದಿದ್ದರೆ ನಮಗರಿವಿಲ್ಲದೆಯೇ ದನಿ ಏರುತ್ತದೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ‘ಲೊಂಬಾರ್ಡ್ ಪರಿಣಾಮ’ ಎಂದೇ ಹೆಸರು. ಅಂದರೆ ಕಡಲೆದುರು ನಾವು ಎಷ್ಟು ಜೋರಾಗಿ ಕೂಗುತ್ತಿದ್ದೇವೆ ಎಂಬ ಅಂದಾಜೇ ನಮಗೆ ಸಿಗುವುದಿಲ್ಲ. ಹೆಚ್ಚು ಹೊತ್ತು ಹೀಗೆ ಕೂಗಿದರೆ ತಂತುಗಳು ಊದಿಕೊಂಡು ದನಿ ಒಡೆಯುತ್ತದೆ. ಆಡಿಷನ್‌ನ ಹಿಂದಿನ ದಿನ ಹೀಗಾದರೆ ತಯಾರಿಯೆಲ್ಲ ವ್ಯರ್ಥ. ಈ ಅಭ್ಯಾಸ ಬಹುಕಾಲ ಮುಂದುವರಿದರೆ ತಂತುಗಳ ಮೇಲೆ ಗಂಟುಗಳೂ ಮೂಡಬಹುದು.

ದನಿ ದೂರ ತಲುಪಲು ಬೇಕಾದದ್ದು ಉಸಿರಿನ ಹಿಡಿತ ಮತ್ತು ಸ್ಪಷ್ಟ ಉಚ್ಚಾರ. ಆಡಿಷನ್ ನಡೆಯುವುದು ಹೆಚ್ಚಾಗಿ ಕೋಣೆಯೊಳಗೆ. ಯಕ್ಷಗಾನದ ಬಯಲು ರಂಗಸ್ಥಳದಲ್ಲಿ ಪಳಗಿದವರು ಕ್ಯಾಮೆರಾದ ಮುಂದೆ ದನಿ ತಗ್ಗಿಸುವುದನ್ನೇ ಅಭ್ಯಾಸ ಮಾಡಬೇಕಾಗಬಹುದು.

ಹಾಗಾದರೆ ತಯಾರಿ ಹೇಗೆ?

• ಪೂರ್ತಿ ನಾಟಕ ಓದಿ. ಗಿರೀಶ ಕಾರ್ನಾಡರ ‘ಯಯಾತಿ’ಯಲ್ಲಿ (1961) ಪುರು ತಂದೆಯ ಮುಪ್ಪನ್ನು ತಾನು ಹೊರುತ್ತಾನೆ. ಅವನ ಮಾತು ಆರಿಸಿಕೊಂಡರೆ ಅವನು ಯಾರಿಗೆ ಹೇಳುತ್ತಿದ್ದಾನೆ, ಅವರಿಂದ ಏನು ಬಯಸುತ್ತಿದ್ದಾನೆ ಎಂಬುದು ಗೊತ್ತಿರಬೇಕು.

• ಉರುಹೊಡೆಯಬೇಡಿ. ಅನುಭವಿ ನಟರು ಪ್ರತಿ ಮಾತಿನ ಹಿಂದಿನ ಉದ್ದೇಶ ಹುಡುಕುತ್ತಾ ಹೋದಂತೆ ಮಾತು ತಾನಾಗಿ ನೆನಪಿನಲ್ಲಿ ಉಳಿಯುತ್ತದೆ ಎಂಬುದನ್ನು ಅಮೆರಿಕದ ಹೆಲ್ಗಾ ಮತ್ತು ಟೋನಿ ನೋಯ್ಸ್ ಅವರ ಅಧ್ಯಯನಗಳು ತೋರಿಸಿವೆ.

• ಪುಸ್ತಕ ಮುಚ್ಚಿ ಹೇಳಿ. ಒಂದು ವಾರದ ಬಳಿಕ ನೋಡಿದರೆ, ಮತ್ತೆ ಮತ್ತೆ ಓದಿದ್ದಕ್ಕಿಂತ ನೆನಪಿನಿಂದ ಹೇಳಿನೋಡಿದ್ದು ಹೆಚ್ಚು ಉಳಿದಿರುತ್ತದೆ ಎಂದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಂಡುಕೊಂಡರು. ಹಾಗಾಗಿ ಹಿಂದಿನ ರಾತ್ರಿಯಲ್ಲ, ವಾರ ಮೊದಲೇ ಶುರುಮಾಡಿ.

• ಕುಂದಗನ್ನಡದ ಬಗ್ಗೆ ಅಳುಕು ಬೇಡ. ಅದು ಉಚ್ಚಾರದ ದೋಷವಲ್ಲ. ಪಾತ್ರಕ್ಕೆ ಬೇರೆ ಕನ್ನಡ ಬೇಕಿದ್ದರೆ ಅದನ್ನೂ ಕಲಿತುಕೊಳ್ಳಿ, ಅಷ್ಟೇ.

ದನಿ ಬಿದ್ದರೆ ಪಿಸುಮಾತಿಗಿಂತ ಮೌನವೇ ಮೇಲು. ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿ. ಕಡಲತೀರಕ್ಕೆ ಹೋಗಬಾರದೆಂದು ನಾವು ಹೇಳುತ್ತಿಲ್ಲ. ಅಲ್ಲಿ ನಡೆಯುತ್ತಾ ಮನಸ್ಸಿನಲ್ಲೇ ಮಾತನ್ನು ನೆನಪಿಸಿಕೊಳ್ಳಿ, ಕೂಗಾಟವನ್ನು ಅಲೆಗಳಿಗೇ ಬಿಡಿ.