ಮಾಡಿದವರು ಯಾರು?

“ಕಲೆಯ ವಿಷಯ ನಮಗೇನೂ ತಿಳಿಯದು, ಎಲ್ಲಿಂದ ಆರಂಭಿಸಬೇಕು?” ಎಂದು ಕೇಳುವ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಸಾಮಾನ್ಯವಾಗಿ ಮುಂಬಯಿಯ ಜೆ.ಜೆ. ಕಲಾಶಾಲೆ ಇರುತ್ತದೆ, ಇಲ್ಲವೆ ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆ ಇರುತ್ತದೆ. ಅವು ಬೇಕು, ನಿಜ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹುಡುಗ ಹುಡುಗಿಯರಿಗೆ ಬಸ್ಸಿನ ಖರ್ಚಿಲ್ಲದ ದಾರಿಯೊಂದಿದೆ. ಯಾವ ಕಲಾವಸ್ತುವಿನ ಮುಂದೆ ನಿಂತರೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಇದನ್ನು ಮಾಡಿದವರು ಯಾರು? ಅವರು ಯಾರಿಂದ ಕಲಿತರು?

ಮುಧೋಳದಿಂದಲೇ ಹೊರಡೋಣ. ಹತ್ತನೆಯ ಶತಮಾನದಲ್ಲಿ ಇದು ಮುದುವೊಳಲು. ಇಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ತನ್ನ ಕುಲವನ್ನು ಮುಚ್ಚಿಡಲಿಲ್ಲ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಗುರು ಅಜಿತಸೇನಾಚಾರ್ಯ ಎಂದು ಎಲ್ಲವನ್ನೂ ಕಾವ್ಯದಲ್ಲೇ ಬರೆದಿಟ್ಟ. ವಿದ್ಯೆಗಾಗಿ ಊರು ಬಿಟ್ಟು ಶ್ರವಣಬೆಳಗೊಳದವರೆಗೆ ಹೋದವನು ಅವನು. ಅಲ್ಲಿಯ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಶ್ರೀ ಕವಿರತ್ನ’ ಎಂಬ ಬರಹವಿದೆ; ಅದು ರನ್ನನದೇ ಎಂದು ವಿದ್ವಾಂಸರು ಹೇಳುತ್ತಾರೆ. ಚಾವುಂಡರಾಯ ಅವನಿಗೆ ಆಸರೆಯಾದ. 993ರ ‘ಅಜಿತಪುರಾಣ’ವನ್ನು ಬರೆಸಿದವಳು ಅತ್ತಿಮಬ್ಬೆ. ಆದರೆ ಅವನ ಇನ್ನೊಬ್ಬ ಗುರು ಪುಸ್ತಕದೊಳಗಿದ್ದ. ‘ಗದಾಯುದ್ಧ’ದ ಬೀಜ ಪಂಪಭಾರತದ ಹದಿಮೂರನೆಯ ಆಶ್ವಾಸದಲ್ಲಿದೆ. ಪಂಪ ಒಂದು ಆಶ್ವಾಸದಲ್ಲಿ ಮುಗಿಸಿದ್ದನ್ನು ರನ್ನ ಇಡೀ ಕಾವ್ಯವಾಗಿ ಬೆಳೆಸಿದ. ಹಿಂದಿನ ಭಾರತದ ಕಥೆಯನ್ನು ಸಿಂಹಾವಲೋಕನ ಕ್ರಮದಿಂದ ಪಾತ್ರಗಳ ಮಾತಿನಲ್ಲೇ ತಂದ. ಇದನ್ನು ಕದ್ದದ್ದು ಎನ್ನುವವರು ಕಲಿಯುವುದೆಂದರೇನೆಂದು ಅರಿಯರು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ ನೋಡಿ. ಒಬ್ಬ ಬಿಟ್ಟದ್ದೇನು, ಇನ್ನೊಬ್ಬ ಸೇರಿಸಿದ್ದೇನು ಎಂದು ಕಾಣತೊಡಗಿದಾಗಲೇ ಕಲೆಯ ಪಾಠ ಶುರುವಾಯಿತೆನ್ನಬೇಕು.

ಕಲ್ಲಿನ ಕೆಲಸದಲ್ಲಿಯೂ ಹೀಗೆಯೇ. ಇದೇ ಜಿಲ್ಲೆಯ ಪಟ್ಟದಕಲ್ಲಿಗೆ ಶಾಲೆಯ ಪ್ರವಾಸ ಹೋದಾಗ ನಾವು ಕೇಳುವುದು ವಿಕ್ರಮಾದಿತ್ಯನ ಹೆಸರು, ಹೆಚ್ಚೆಂದರೆ ಗುಡಿ ಕಟ್ಟಿಸಿದ ರಾಣಿ ಲೋಕಮಹಾದೇವಿಯ ಹೆಸರು. ವಿರೂಪಾಕ್ಷ ಗುಡಿಯ ಶಾಸನ ಕಟ್ಟಿದವನನ್ನೂ ಹೇಳುತ್ತದೆ: ಗುಂಡ ಅನಿವಾರಿತಾಚಾರಿ. ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದೂ ಸಂದಿತ್ತು. ಮುಂದಿನ ಸಲ ಹೋದಾಗ ಆ ಹೆಸರಿನ ಮುಂದೆ ಒಂದು ನಿಮಿಷ ನಿಲ್ಲಿ.

ಆದರೆ ಎಲ್ಲರ ಹೆಸರೂ ಉಳಿಯಲಿಲ್ಲ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕುಂಪಣಿ ಸರಕಾರದ ಆಜ್ಞೆಯನ್ನು ಧಿಕ್ಕರಿಸಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಿರುಗಿಬಿದ್ದರು. ಸೈನ್ಯ ಬಂದು ಊರನ್ನೇ ಸುಟ್ಟಿತು. ಆ ಕಥೆಯ ಲಾವಣಿಯನ್ನು ನಿಮ್ಮಲ್ಲಿ ಹಲವರು ಹತ್ತನೆಯ ತರಗತಿಯಲ್ಲಿ ಓದಿದ್ದೀರಿ. ಅದರಲ್ಲಿ ಕುರ್ತಕೋಟಿ ಕಲ್ಮೇಶನ ಅಂಕಿತವಿದೆ, ಕಟ್ಟಿದವನ ಹೆಸರಿಲ್ಲ. 1880ರ ದಶಕದಲ್ಲಿ ಅದನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್, ಅದೇ ಬ್ರಿಟಿಷರ ಅಧಿಕಾರಿ. ಸುಟ್ಟವರ ಕಡೆಯವನೇ ಹಾಡನ್ನು ಉಳಿಸಿಕೊಟ್ಟ! ಇತಿಹಾಸದಲ್ಲಿ ಇಂಥ ವಿಚಿತ್ರಗಳು ಕಡಿಮೆಯೇನಲ್ಲ. ಅವನಿಗಿಂತ ಮೊದಲು ಅದನ್ನು ಬಾಯಿಂದ ಬಾಯಿಗೆ ದಾಟಿಸಿದ ಹಾಡುಗಾರರನ್ನು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ.

ಶ್ರೀಕೃಷ್ಣ ಪಾರಿಜಾತದ ವಿಷಯದಲ್ಲಿ ನಾವು ಸ್ವಲ್ಪ ಅದೃಷ್ಟವಂತರು. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣ, ಕೃಷ್ಣನಾಗಿ ರಂಗಕ್ಕೆ ಬಂದ ಕೌಜಲಗಿ ನಿಂಗಮ್ಮ ಇವರ ಹೆಸರುಗಳು ನಮಗೆ ದಕ್ಕಿವೆ. ಈ ಆಟವನ್ನು ಟೀವಿಯಲ್ಲಿ ಹತ್ತು ನಿಮಿಷ ನೋಡಿದರೆ ಸಾಲದು. ಜಾತ್ರೆಯಲ್ಲಿ ರಾತ್ರಿಯಿಡೀ ಕುಳಿತು ನೋಡಬೇಕು. ಸತ್ಯಭಾಮೆಯ ಸಿಟ್ಟನ್ನು ದೂತಿಯ ಒಂದು ಕುಚೋದ್ಯದ ಮಾತು ಹೇಗೆ ಸಡಿಲಿಸುತ್ತದೆ ಎಂದು ಗಮನಿಸಬೇಕು. ಬೆಳಿಗ್ಗೆ ಮೇಳದವರು ಚಹಾ ಕುಡಿಯುವಾಗ ಹತ್ತಿರ ಹೋಗಿ, “ಇದನ್ನ ಯಾರ ಕಡೆ ಕಲಿತ್ರಿ ಅಜ್ಜಾ?” ಎಂದು ಕೇಳಿ. ಬೇಸರಪಡುವವರು ವಿರಳ. 2017ರಲ್ಲಿ ಆರಂಭವಾದ ಬಯಲಾಟ ಅಕಾಡೆಮಿ ಬಾಗಲಕೋಟೆಯಲ್ಲಿಯೇ ಇದೆ, ಅಲ್ಲಿಯೂ ವಿಚಾರಿಸಬಹುದು.

ಬೀಳಗಿ ತಾಲೂಕಿನಲ್ಲಿ ಹಲವು ಹಳ್ಳಿಗಳು ಆಲಮಟ್ಟಿಯ ಹಿನ್ನೀರಿಗೆ ಜಾಗ ಬಿಟ್ಟು ಎದ್ದುಬಂದವು. ಪುನರ್ವಸತಿ ಕೇಂದ್ರದ ಹೊಸ ಮನೆಯಲ್ಲಿ ಹಳೆಯ ಕೆತ್ತನೆಯ ತಲಬಾಗಿಲು ಕಂಡರೆ ಅದು ಯಾವ ಊರಿನ ಬಡಿಗನ ಕೈಕೆಲಸವೆಂದು ಮನೆಯ ಹಿರಿಯರನ್ನು ಕೇಳಿಡಿ. ಊರೇ ಇಲ್ಲದಾದ ಮೇಲೆ ಹೇಳುವವರು ಅವರಷ್ಟೇ.

ಇನ್ನು ರಬಕವಿ-ಬನಹಟ್ಟಿ. ಅವಸರ ಇರುವುದು ಇಲ್ಲಿ. ಕೈಮಗ್ಗದ ಜಾಗವನ್ನು ಬಹುಮಟ್ಟಿಗೆ ವಿದ್ಯುತ್ ಮಗ್ಗ ಹಿಡಿದಿದೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವವರು ಹೆಚ್ಚಾಗಿ ವಯಸ್ಸಾದವರು. ಇಳಕಲ್ ಸೀರೆಯ ಸೆರಗನ್ನೇ ತೆಗೆದುಕೊಳ್ಳಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಕೆಂಪು ಸೆರಗು ಮೂಡುತ್ತದೆ. ಅದರ ಮೇಲಿನ ಬಿಳಿಯ ವಿನ್ಯಾಸಗಳಿಗೆ ತೆನಿ, ಹಣಿಗೆ ಎಂದೆಲ್ಲ ಹೆಸರು: ಹೊಲದ ಜೋಳವೂ ತಲೆ ಬಾಚುವ ಹಣಿಗೆಯೂ ನೂಲಿನಲ್ಲಿ ಬಂದು ಕುಳಿತಿವೆ. ಚಿತ್ರಕಲೆಯ ಪುಸ್ತಕ ಸರಳೀಕರಣ, ಲಯ, ಅಂಚು ಎಂದು ಕಲಿಸುವುದೆಲ್ಲ ಈ ಒಂದು ಮೊಳದಲ್ಲಿದೆ.

ಹಾಗಾದರೆ ಮಾಡಬೇಕಾದದ್ದೇನು? ಚೌಕಳಿಯ ಲೆಕ್ಕದ ನೋಟುಬುಕ್ಕು ಸಾಕು. ಅಜ್ಜಿಯ ಟ್ರಂಕಿನಿಂದ ಹಳೆಯ ಸೀರೆ ತೆಗೆಸಿ, ಸೆರಗಿನ ಒಂದು ತೆನಿಯನ್ನು ಚೌಕಳಿ ಎಣಿಸುತ್ತಾ ಬರೆದುಕೊಳ್ಳಿ. ಚಿತ್ರಕಲೆಯ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂಡುವವರಿಗೂ ಇದು ಒಳ್ಳೆಯ ಅಭ್ಯಾಸ. ಬರೆದದ್ದನ್ನು ಹಿಡಿದು ನೇಕಾರರ ಓಣಿಗೆ ಹೋಗಿ. ಅವರು ನಿಮ್ಮ ತಪ್ಪನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ, ಲಾಳಿ ನಿಲ್ಲಿಸಿ ತಿದ್ದುತ್ತಾರೆ. ತಿದ್ದಿದವರ ಹೆಸರು, ಅವರಿಗೆ ಕಲಿಸಿದವರ ಹೆಸರು, ಆ ದಿನದ ತಾರೀಖು, ಮೂರನ್ನೂ ಅದೇ ಪುಟದ ಕೆಳಗೆ ಬರೆದಿಡಿ.