ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು

ಸ್ವದೇಶಿ ಚಳವಳಿಯ ಕಾವು ವಂಗದೇಶದಿಂದ ಹೊರಟು ದೇಶದ ನಾನಾ ದಿಕ್ಕುಗಳಿಗೆ ಹಬ್ಬುತ್ತಿದ್ದ ಆ ದಿನಗಳಲ್ಲಿ, ಅಷ್ಟಮಠಗಳ ಕ್ಷೇತ್ರವಾದ ಉಡುಪಿಯಲ್ಲಿ, ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಸಮಾನಮನಸ್ಕರಾದ ಕೆಲವರನ್ನು ಕೂಡಿಕೊಂಡು, 1906ನೆಯ ಇಸವಿ ಮಾರ್ಚ್ 12ರಂದು, 5,000 ರೂಪಾಯಿಗಳ ಮೂಲಧನದಿಂದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲ ದಿನದ ಲೆಕ್ಕ ಮುಗಿದಾಗ ಸಂಗ್ರಹವಾಗಿದ್ದುದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಗಳನ್ನೂ ಬಿಡದೆ ಬರೆದಿಟ್ಟ ನಿಷ್ಠೆಯನ್ನು ನಾನಂತೂ ಮೂಲಧನಕ್ಕಿಂತ ಮಿಗಿಲಾದ ಬಂಡವಾಳವೆಂದೇ ಎಣಿಸುತ್ತೇನೆ.

ಜಾತಿಮತಭೇದವಿಲ್ಲದೆ ಸರ್ವರಲ್ಲಿಯೂ ಮಿತವ್ಯಯವನ್ನೂ ಸಹಕಾರಬುದ್ಧಿಯನ್ನೂ ಬೆಳೆಸುವುದೇ ತಮ್ಮ ಉದ್ದೇಶವೆಂದು ಸ್ಥಾಪಕರು ಸಾರಿದ್ದರು; ಮುಸಲ್ಮಾನ ವರ್ತಕರೊಬ್ಬರು ಮುಂದಾಳಾಗಿದ್ದ ಈ ಸಂಸ್ಥೆಗೆ ಮಠದ ಊರಿನವರು ಗಂಟು ಒಪ್ಪಿಸಿದುದೇ ಆ ಮಾತಿಗೆ ಸಾಕ್ಷಿ. ಶ್ರೀಕೃಷ್ಣನ ದೀಪೋತ್ಸವಕ್ಕೆ ಸಾಹೇಬರು ಎಣ್ಣೆ ಒದಗಿಸಿದರೆಂಬ ಜನಶ್ರುತಿಯೂ ಊರಿನಲ್ಲುಂಟು. ಆಸ್ಪತ್ರೆಗೆ ಅವರು ಭೂದಾನ ಮಾಡಿದುದಾದರೋ ಪ್ರಸಿದ್ಧವೇ ಆಗಿದೆ. ಬ್ಯಾಂಕು ಮಾತ್ರ ಆತುರಪಡಲಿಲ್ಲ: ಉಡುಪಿಯಾಚೆಗೆ ಅದರ ಮೊದಲ ಶಾಖೆ ಕುಂದಾಪುರದಲ್ಲಿ ತೆರೆದುದು 1923ರಲ್ಲಿ, ಮಂಗಳೂರನ್ನು ಅದು ಮುಟ್ಟಿದುದು ಅದಕ್ಕೂ ತರುವಾಯ.